ಬೆಡ್ ಎಷ್ಟು ಅಂತ ಕೇಳ್ಕೊಂಡು ತುಮಕೂರು ಜಿಲ್ಲೆ ಸುತ್ತಿದ್ದು

"ಹತ್ತು ಅಂತ ಬರ್ಕೊಳಿ ಸಿಸ್ಟರ್" ಅಂದ್ರು ಡಾಕ್ಟ್ರು. ಬರ್ಕೊಂಡೆ. ಐಸಿಯು ಬೆಡ್ 10, ವೆಂಟಿಲೇಟರ್ 6, ಮಾನಿಟರ್ 10, ಎಬಿಜಿ ಮೆಷಿನ್ (ರಕ್ತದಲ್ಲಿ ಆಕ್ಸಿಜನ್, ಆಮ್ಲ ಎಷ್ಟಿದೆ ಅಂತ ನೋಡೋದು) ಇದೆ, ಸೆಂಟ್ರಲ್ ಆಕ್ಸಿಜನ್ ಇದೆ. ಹದಿನೈದು ನಿಮಿಷಕ್ಕೆ ಫಾರ್ಮ್ ತುಂಬಿ ಆಯ್ತು, ಕಾಫಿನೂ ಕೊಡ್ಸಿದ್ರು, ಇಷ್ಟ್ ಸಲೀಸು ಅಂದ್ರೆ ಎರಡೇ ತಿಂಗಳಲ್ಲಿ ಥೀಸಿಸ್ ಡೇಟಾ ಮುಗ್ಸಿಬಿಡ್ತೀನಿ ಅಂದ್ಕೊಂಡು ಮೆಟ್ಲು ಇಳೀತಾ ಇದ್ದೆ. ಕೆಳಗಡೆ ಒಬ್ಳು ಹುಡುಗಿ, ನೈಟ್ ಡ್ಯೂಟಿ ಮುಗ್ಸಿ ಬ್ಯಾಗ್ ಹಾಕ್ಕೊಂಡು ಬಸ್‌ಗೆ ಹೊರಟಿದ್ಲು. ನಾನೂ ಸ್ಟಾಫ್ ನರ್ಸೇ ಅಂತ ಗೊತ್ತಾದ್ಮೇಲೆ ಜೊತೆಗೇ ನಡ್ಕೊಂಡು ಬಂದ್ಲು. ಮಾತಾಡ್ತಾ ಮಾತಾಡ್ತಾ ಅಂದಿದ್ದು: "ಹತ್ತು ಬೆಡ್ ಇರೋದು ನಿಜ ಅಕ್ಕ, ಆದ್ರೆ ನೈಟ್ ನಾವು ಇಬ್ರೇ. ವೆಂಟಿಲೇಟರ್ ಪೇಷಂಟ್ ಎರಡು ಇದ್ರೆ ಮುಗೀತು, ಮೂರನೇದು ಬಂದ್ರೆ ಡ್ಯೂಟಿ ಡಾಕ್ಟ್ರು ಕೆಳಗಡೆನೇ ಬೆಂಗ್ಳೂರಿಗೆ ರೆಫರ್ ಬರೀತಾರೆ."

ಈಗ ನನ್ ಫಾರ್ಮಲ್ಲಿ ಏನ್ ಬರೀಬೇಕು? ಹತ್ತಾ? ಎರಡಾ? ಡಾಕ್ಟ್ರು ಸುಳ್ಳು ಹೇಳಿರ್ಲಿಲ್ಲ. ಆ ಹುಡುಗಿನೂ ಹೇಳಿರ್ಲಿಲ್ಲ. ಸುಳ್ಳು ಇದ್ದಿದ್ದು ನನ್ ಪ್ರಶ್ನೇಲಿ, ಆದ್ರೆ ಅದು ನನ್ ತಲೆಗೆ ಹೋಗಕ್ಕೆ ಇನ್ನೂ ಐದಾರು ಆಸ್ಪತ್ರೆ ಬೇಕಾಯ್ತು.

ಮೊದ್ಲು ನನ್ ಕಥೆ ಎರಡೇ ಮಾತಲ್ಲಿ ಹೇಳ್ಬಿಡ್ತೀನಿ. ಹನ್ನೊಂದು ವರ್ಷ ಐಸಿಯುನಲ್ಲೇ ಕೆಲ್ಸ, ಆಮೇಲೆ ಎಂಎಸ್‌ಸಿ ನರ್ಸಿಂಗ್‌ಗೆ ಸೇರ್ದೆ, ಥೀಸಿಸ್‌ಗೆ ಟಾಪಿಕ್ ಬೇಕಿತ್ತು. ಆವಾಗ ಕೋವಿಡ್ ಇನ್ನೂ ಹಳೇದಾಗಿರ್ಲಿಲ್ಲ, ಎಲ್ಲರ ಬಾಯಲ್ಲೂ ಐಸಿಯು ಬೆಡ್ಡು ವೆಂಟಿಲೇಟರ್ರು, ಅದಕ್ಕೆ ನಾನೂ ದೊಡ್ಡದಾಗಿ ಇಡೀ ದೇಶದ ಐಸಿಯುಗಳಲ್ಲಿ ಏನಿದೆ ಏನಿಲ್ಲ ಹೋಲಿಸಿ ನೋಡ್ತೀನಿ ಅಂತ ಪ್ರಪೋಸಲ್ ಬರ್ಕೊಂಡು ಹೋದೆ. ಗೈಡ್ ಮೇಡಂ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು "ಪಾವಗಡಕ್ಕೆ ಹೋಗಿದೀಯಾ ಯಾವತ್ತಾದ್ರೂ?" ಅಂದ್ರು. ಇಲ್ಲ ಮೇಡಂ ಅಂದೆ. "ನಿನ್ ಜಿಲ್ಲೆನೇ ನೋಡಿಲ್ಲ, ದೇಶ ನೋಡ್ತಾಳಂತೆ" ಅಂದ್ರು. ಹಂಗಾಗಿ ತುಮಕೂರು ಜಿಲ್ಲೆ, ಹತ್ತು ತಾಲ್ಲೂಕು.

ಆದ್ರೂ ದೇಶದ ಲೆಕ್ಕ ಓದೋದು ಬಿಡ್ಲಿಲ್ಲ, ಓದಿದ್ದು ಒಳ್ಳೇದೇ ಆಯ್ತು. 2020ರ ಏಪ್ರಿಲಲ್ಲಿ ಒಂದು ಅಂದಾಜು ಬಂದಿತ್ತು, ಪ್ರಿನ್ಸ್‌ಟನ್ ಯೂನಿವರ್ಸಿಟಿ ಕಡೆಯವರು ಸೇರ್ಕೊಂಡು ಮಾಡಿದ್ದು, ಭಾರತದಲ್ಲಿ ಸುಮಾರು 19 ಲಕ್ಷ ಆಸ್ಪತ್ರೆ ಬೆಡ್, 95 ಸಾವಿರ ಐಸಿಯು ಬೆಡ್, 48 ಸಾವಿರ ವೆಂಟಿಲೇಟರ್ ಅಂತ. ಪೇಪರ್ ಟೀವಿ ಎಲ್ಲಾ ಕಡೆ ಇದೇ ನಂಬರ್ ಓಡಾಡ್ತು. ನಾನೂ ಯಾರೋ ರಾಜ್ಯ ರಾಜ್ಯ ಸುತ್ತಿ ಎಣಿಸಿದಾರೆ ಅಂತಲೇ ನಂಬ್ಕೊಂಡಿದ್ದೆ. ಒಳಗಡೆ ಓದಿ ನೋಡಿದ್ರೆ, ಒಟ್ಟು ಬೆಡ್‌ನಲ್ಲಿ ಶೇಕಡ 5 ಐಸಿಯು ಇರುತ್ತೆ ಅಂತ ಇಟ್ಕೊಳ್ಳೋಣ, ಅದ್ರಲ್ಲಿ ಅರ್ಧಕ್ಕೆ ವೆಂಟಿಲೇಟರ್ ಇರುತ್ತೆ ಅಂತ ಇಟ್ಕೊಳ್ಳೋಣ, ಅಷ್ಟೇ. 19 ಲಕ್ಷಕ್ಕೆ 5 ಪರ್ಸೆಂಟ್ ಹಾಕಿ, 95 ಸಾವಿರ ಬಂತಾ? ಅದ್ರಲ್ಲಿ ಅರ್ಧ ಮಾಡಿ. ಬರೆದೋರು ಇದನ್ನ ಮುಚ್ಚಿಟ್ಟಿರ್ಲಿಲ್ಲ, ಅಂದಾಜು ಅಂತಲೇ ಸ್ಪಷ್ಟವಾಗಿ ಹಾಕಿದ್ರು, ಆ ಗಡಿಬಿಡೀಲಿ ಅಷ್ಟು ಮಾಡಿದ್ದೇ ದೊಡ್ಡದು. ನಾವು ಓದೋರು ಆ ಸಾಲು ಬಿಟ್ಟು ನಂಬರ್ ಮಾತ್ರ ಎತ್ಕೊಂಡ್ವಿ.

ಅದೇ ಲೆಕ್ಕದಲ್ಲಿ ಕರ್ನಾಟಕದ ಪಾಲು ಶೇಕಡ 13.8, ಉತ್ತರಪ್ರದೇಶ ಬಿಟ್ರೆ ನಾವೇ. ಅಂದ್ರೆ ಸುಮಾರು 13 ಸಾವಿರ ಐಸಿಯು ಬೆಡ್. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 6.11 ಕೋಟಿ ಜನ, ಭಾಗ್ಸಿದ್ರೆ ಲಕ್ಷಕ್ಕೆ 21 ಬರುತ್ತೆ. ಯುರೋಪಿನ ಲೆಕ್ಕ 2012ರಲ್ಲಿ ಬಂದಿದ್ದು ನೋಡಿದ್ರೆ ಅಲ್ಲಿ ಸರಾಸರಿ ಲಕ್ಷಕ್ಕೆ 11.5, ಎಲ್ಲರಿಗಿಂತ ಮೇಲಿದ್ದ ಜರ್ಮನಿ 29.2, ಕೆಳಗಿದ್ದ ಪೋರ್ಚುಗಲ್ 4.2. ಅಂದ್ರೆ ನಾವು ಯುರೋಪಿನ ಸರಾಸರಿ ದಾಟಿ ಜರ್ಮನಿ ಕಡೆ ನಡೀತಾ ಇದೀವಿ! ತುಮಕೂರು ಜಿಲ್ಲೇಲಿ ಅದೇ ಜನಗಣತಿಗೆ 26.79 ಲಕ್ಷ ಜನ, ಆ ಲೆಕ್ಕಕ್ಕೆ ನಮ್ ಜಿಲ್ಲೇಲಿ 570 ಐಸಿಯು ಬೆಡ್ ಇರ್ಬೇಕು. ಇದನ್ನ ನಮ್ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳ್ದೆ, ಅವ್ರು ನಕ್ಕಿದ್ದು ಇನ್ನೂ ಕಿವೀಲಿದೆ.

ಹೊರ ದೇಶದ ಲೆಕ್ಕವೂ ಕಲ್ಲಲ್ಲಿ ಕೆತ್ತಿದ್ದೇನಲ್ಲ. ಬ್ರಿಟನ್‌ಗೆ 2008ರ ಒಂದು ಹೋಲಿಕೇಲಿ ಲಕ್ಷಕ್ಕೆ 3.5 ಅಂತಿದೆ, 2012ರದ್ರಲ್ಲಿ 6.6. ನಾಲ್ಕು ವರ್ಷಕ್ಕೆ ಡಬಲ್ ಕಟ್ಬಿಟ್ರು ಅಂತಲ್ಲ, ಯಾವ ಬೆಡ್‌ನ ಐಸಿಯು ಅಂತ ಎಣಿಸ್ಬೇಕು ಅನ್ನೋದೇ ಒಂದೊಂದು ಸ್ಟಡೀಲಿ ಒಂದೊಂದು ಥರ. ವೆಂಟಿಲೇಟರ್ ಹಾಕೋ ಬೆಡ್ ಮಾತ್ರವಾ, ಐಸಿಯುಗಿಂತ ಒಂದು ಮೆಟ್ಲು ಕೆಳಗಿನ ಹೆಚ್‌ಡಿಯುನೂ ಸೇರಿಸ್ಬೇಕಾ, ಹಾರ್ಟಿನವ್ರ ಸಿಸಿಯು ಒಳಗಾ ಹೊರಗಾ. ಅವ್ರ ದೇಶದಲ್ಲೇ ಹಿಂಗೆ, ಇನ್ನು ನಮ್ಮಲ್ಲಿ ಎಸಿ ಹಾಕಿ, ಗಾಜಿನ ಬಾಗ್ಲು ಇಟ್ಟು, ಚಪ್ಪಲಿ ಹೊರಗೆ ಬಿಡಿ ಅಂತ ಬೋರ್ಡ್ ಹಾಕಿದ್ರೆ ಐಸಿಯು.

ಕೆಲ್ಸ ಹೆಂಗ್ ಶುರು ಮಾಡ್ದೆ ಅಂದ್ರೆ, ಮೊದ್ಲು ಪಟ್ಟಿ. ಖಾಸಗಿ ಆಸ್ಪತ್ರೆಗಳು 2007ರ ಕೆಪಿಎಂಇ ಕಾಯ್ದೆ ಕೆಳಗೆ ರಿಜಿಸ್ಟರ್ ಆಗಿರ್ಬೇಕಲ್ಲ, ಆ ಪಟ್ಟಿ ತಗೊಂಡೆ. ಹೆಸರು ಸಿಗುತ್ತೆ, ಒಳಗೆ ಐಸಿಯು ಹೆಂಗಿದೆ ಅನ್ನೋದು ಸಿಗಲ್ಲ. ಅದಕ್ಕೆ ಒಂದೊಂದಕ್ಕೂ ಫೋನ್ ಮಾಡ್ದೆ, ರಿಸೆಪ್ಷನ್ ಹುಡುಗೀರು "ಪೇಷಂಟ್ ಯಾರು ಮೇಡಂ, ಬೆಡ್ ಬೇಕಾ?" ಅಂತಾರೆ. ಬೇಡ, ಸುಮ್ನೆ ಕೇಳ್ತಿದೀನಿ ಅಂದ್ರೆ ಟಕ್ ಅಂತ ಇಟ್ಬಿಡ್ತಾರೆ. ಆಮೇಲೆ ಉಪಾಯ ಗೊತ್ತಾಯ್ತು, 108 ಆಂಬ್ಯುಲೆನ್ಸ್ ಅಣ್ಣಂದಿರನ್ನ ಕೇಳೋದು. ಯಾವ ಆಸ್ಪತ್ರೆ ಯಾವ ಟೈಮಲ್ಲಿ ಯಾವ ಕೇಸ್ ತಗೊಳುತ್ತೆ, ಯಾವ್ದು ಬಾಗಿಲಲ್ಲೇ ಕೈ ಆಡ್ಸುತ್ತೆ ಅನ್ನೋದು ಅವ್ರಿಗೆ ಗೊತ್ತಿರೋಷ್ಟು ಯಾವ ರಿಜಿಸ್ಟರಲ್ಲೂ ಇಲ್ಲ. ಎರಡು ದಿನ ಸಂಜೆ ಟೀ ಕುಡೀತಾ ಕೂತು ಪಟ್ಟಿ ಸರಿ ಮಾಡ್ಕೊಂಡೆ.

ಎಥಿಕ್ಸ್ ಕಮಿಟಿ ಪರ್ಮಿಷನ್, ಕಾಲೇಜಿನ ಪತ್ರ ಎಲ್ಲಾ ಇತ್ತು, ಆದ್ರೂ ಅರ್ಧ ಕಡೆ ನನ್ನ ನೋಡಿ ಇನ್‌ಸ್ಪೆಕ್ಷನ್‌ಗೆ ಬಂದಿದಾಳೆ ಅಂತ ಹೆದರ್ತಿದ್ರು, ಇನ್ನರ್ಧ ಕಡೆ ಪಕ್ಕದ ಆಸ್ಪತ್ರೆಯವ್ರು ಕಳ್ಸಿದಾರೆ ಅಂತ. ಹೆಸರು ಎಲ್ಲೂ ಬರಲ್ಲ ಅಂತ ಬರೆದು ಸೈನ್ ಹಾಕಿ ಕೊಟ್ಟೆ. ಇಲ್ಲಿ ಟೇಬಲ್ಲು ಪರ್ಸೆಂಟು ಹಾಕ್ದೇ ಇರೋದೂ ಅದಕ್ಕೇ, ಒಂದು ತಾಲ್ಲೂಕಲ್ಲಿ ಐಸಿಯು ಒಂದೋ ಎರಡೋ ಇದ್ದಾಗ ತಾಲ್ಲೂಕಿನ ಹೆಸರು ಹೇಳಿ ನಂಬರ್ ಹೇಳಿದ್ರೆ ಆಸ್ಪತ್ರೆ ಹೆಸರು ಹೇಳಿದಂಗೇ.

ಈಗ ಫಾರ್ಮ್ ವಿಷ್ಯ, ಇದ್ರ ಬಗ್ಗೆನೇ ಬರೀಬೇಕು ಅಂತ ಕೂತಿದ್ದು.

ನನ್ ಮೊದಲ್ನೇ ಫಾರ್ಮು ಎಲ್ಲರ ಫಾರ್ಮಿನ ಥರನೇ ಇತ್ತು. ಇದೆಯಾ, ಇಲ್ವಾ, ಎಷ್ಟು. ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಅಂತ ಇದೆಯಲ್ಲ, 1993ರಲ್ಲಿ ಶುರುವಾಗಿದ್ದು, ಅವ್ರ ಗೈಡ್‌ಲೈನಲ್ಲಿ ಐಸಿಯುನ ಮೂರು ಲೆವೆಲ್ ಮಾಡಿದಾರೆ. ಲೆವೆಲ್ ಒಂದು ಅಂದ್ರೆ ಚಿಕ್ಕ ಆಸ್ಪತ್ರೇದು, ಪೇಷಂಟ್‌ನ ಸ್ಟೆಬಿಲೈಸ್ ಮಾಡಿ ಸ್ವಲ್ಪ ಹೊತ್ತು ವೆಂಟಿಲೇಟರಲ್ಲಿಟ್ಟು ಮುಂದಕ್ಕೆ ಕಳ್ಸೋ ತಾಕತ್ತು ಇರ್ಬೇಕು. ಲೆವೆಲ್ ಮೂರು ಅಂದ್ರೆ ದೊಡ್ಡ ಆಸ್ಪತ್ರೆ, ಇಂಟೆನ್ಸಿವಿಸ್ಟ್, ಅಂದ್ರೆ ಐಸಿಯುಗೆ ಅಂತಲೇ ಓದಿದ ಡಾಕ್ಟ್ರು, ಇರ್ಬೇಕು, ಎಲ್ಲಾ ಅಂಗಕ್ಕೂ ಸಪೋರ್ಟ್ ಕೊಡೋ ವ್ಯವಸ್ಥೆ ಇರ್ಬೇಕು. ಆ ಪಟ್ಟೀಲಿದ್ದ ಸಾಮಾನು ಎಲ್ಲಾ ನನ್ ಫಾರ್ಮಿಗೆ ಇಳಿಸ್ಕೊಂಡೆ. ಫಲಿತಾಂಶ ಏನಪ್ಪಾ ಅಂದ್ರೆ, ನಾನು ನೋಡಿದ ಐಸಿಯುಗಳೆಲ್ಲಾ ಕಾಗದದ ಮೇಲೆ ಅಣ್ಣತಮ್ಮಂದಿರ ಥರ ಒಂದೇ ಥರ ಕಂಡ್ವು. ಎಲ್ಲಾ ಕಡೆ ಎಲ್ಲಾ ಇದೆ!

ಬದಲಾಗಿದ್ದು ಒಂದು ಎಬಿಜಿ ಮೆಷಿನ್ನಿಂದ. ಒಂದು ಕಡೆ "ಇದೆಯಾ" ಅಂದೆ, "ಇದೆ, ನೋಡಿ" ಅಂತ ತೋರ್ಸಿದ್ರು, ಮೇಲೆ ಚೆಂದದ ಪ್ಲಾಸ್ಟಿಕ್ ಕವರ್ ಹೊದ್ಸಿದ್ರು. ಸುಮ್ನೆ ಬಾಯಿಗೆ ಬಂತು, "ಕೊನೇ ರಿಪೋರ್ಟ್ ಯಾವತ್ತಿಂದು ಸಿಸ್ಟರ್?" ಅಂತ. ಆಕೆ ಫೈಲ್ ಹುಡುಕಿದ್ಲು, ಹುಡುಕ್ತಾನೇ ಇದ್ಲು. ಕಾರ್ಟ್ರಿಡ್ಜ್ ತೆಗ್ದು ಹಾಕಿದ್ರೆ ಇಷ್ಟು ದಿನ ಅಂತ ಇರುತ್ತೆ, ಉಪಯೋಗಿಸ್ಲಿ ಬಿಡ್ಲಿ ಎಕ್ಸ್‌ಪೈರ್ ಆಗುತ್ತೆ, ವಾರಕ್ಕೆ ಮೂರು ಸ್ಯಾಂಪಲ್ ಬರೋ ಜಾಗದಲ್ಲಿ ಅದನ್ನ ಇಟ್ರೆ ಕೈಯಿಂದ ದುಡ್ಡು. ಅದಕ್ಕೆ ನಿಲ್ಸಿಬಿಟ್ಟಿದಾರೆ. ಆ ಮೆಷಿನ್ ಇದೆ ಅಂತ ಬರೀಲಾ, ಇಲ್ಲ ಅಂತ ಬರೀಲಾ?

ಅವತ್ತು ರಾತ್ರಿ ಮನೇಲಿ ಕೂತು ಇಡೀ ಫಾರ್ಮ್ ಹರಿದು ಹಾಕ್ದೆ. "ಇದೆಯಾ" ಅನ್ನೋ ಪದನೇ ತೆಗ್ದೆ. ಎಲ್ಲಾ ಕಡೆ "ಕೊನೇ ಸಲ ಯಾವಾಗ ಉಪಯೋಗಿಸಿದ್ರಿ, ರಿಜಿಸ್ಟರಲ್ಲಿ ತೋರ್ಸಿ". ವೆಂಟಿಲೇಟರ್‌ಗೂ ಅದೇ, ಡಿಫಿಬ್ರಿಲೇಟರ್‌ಗೂ ಅದೇ, ಡಯಾಲಿಸಿಸ್‌ಗೂ ಅದೇ. ಗೈಡ್ ಮೇಡಂಗೆ ಮೊದ್ಲು ಇಷ್ಟ ಆಗ್ಲಿಲ್ಲ, ಬೇರೆಯವ್ರ ಸ್ಟಡಿ ಜೊತೆ ಹೋಲಿಸಕ್ಕೆ ಆಗಲ್ಲ ಅಂತ. ನಿಜನೇ. ಆದ್ರೆ ಹೋಲಿಸಕ್ಕಾಗೋ ಸುಳ್ಳಿಗಿಂತ ಹೋಲಿಸಕ್ಕಾಗ್ದಿರೋ ನಿಜ ವಾಸಿ ಅಂತ ವಾದ ಮಾಡ್ದೆ, ಕೊನೆಗೆ ಎರಡೂ ಕಾಲಂ ಇಟ್ಕೋ ಅಂದ್ರು.

ವೆಂಟಿಲೇಟರ್ ಕಥೆ ಇನ್ನೂ ಇದೆ. 2020ರಲ್ಲಿ ಪಿಎಂ ಕೇರ್ಸ್‌ನಿಂದ 50 ಸಾವಿರ ವೆಂಟಿಲೇಟರ್‌ಗೆ ದುಡ್ಡು ಕೊಟ್ರಲ್ಲ, ಅದೂ ಬಂತು, ದಾನಿಗಳು ಕೊಟ್ಟಿದ್ದೂ ಬಂತು, ಹಳೇವೂ ಇದ್ವು. ಎಷ್ಟು ಅಂದ್ರೆ ಎಲ್ಲಾ ಎಣಿಸಿ ಹೇಳ್ತಾರೆ. ಆನ್ ಮಾಡಿ ತೋರ್ಸಿ ಅಂದ್ರೆ ಅಲ್ಲಿ ಶುರು. ಒಂದು ಮೆಷಿನ್ ಆನ್ ಆದ ತಕ್ಷಣ ಆಕ್ಸಿಜನ್ ಸೆನ್ಸರ್ ಅಲಾರಂ. ಆ ಸೆನ್ಸರ್ ಒಂಥರಾ ಬ್ಯಾಟರಿ ಸೆಲ್ ಇದ್ದಂಗೆ, ಮೆಷಿನ್ ಓಡ್ಲಿ ಮೂಲೇಲಿ ನಿಲ್ಲಿ, ಒಂದೆರಡು ವರ್ಷಕ್ಕೆ ಸತ್ತೋಗುತ್ತೆ. ಇನ್ನೊಂದಕ್ಕೆ ಫ್ಲೋ ಸೆನ್ಸರ್ ಇಲ್ಲ. ಮತ್ತೊಂದು ಚೆನ್ನಾಗಿದೆ, ಆದ್ರೆ ಕಂಪ್ರೆಸ್ಡ್ ಏರ್ ಲೈನ್ ಬೇಕು ಅದಕ್ಕೆ, ಆ ರೂಮಲ್ಲಿ ಆಕ್ಸಿಜನ್ ಪಾಯಿಂಟ್ ಮಾತ್ರ ಇದೆ. ನಾನು ಆಮೇಲೆ ಎಣಿಸ್ತಿದ್ದಿದ್ದು ಹಿಂಗೆ: ಮೆಷಿನ್ನು, ಅದಕ್ಕೆ ಸರ್ಕ್ಯೂಟ್ಟು ಅಂದ್ರೆ ಉಸಿರಿನ ಪೈಪು, ಪಕ್ಕದಲ್ಲಿ ಕೆಲ್ಸ ಮಾಡೋ, ಕಫ ಎಳೆಯೋ ಸಕ್ಷನ್ನು, ಯುಪಿಎಸ್ ಪ್ಲಗ್ಗು, ನಡೆಸಕ್ಕೆ ಬರೋ ಒಬ್ಬ ಮನುಷ್ಯ. ಐದೂ ಸೇರಿದ್ರೆ ಒಂದು ವೆಂಟಿಲೇಟರ್.

ಕರೆಂಟ್ ಬಗ್ಗೆ ಜಾಸ್ತಿ ಹೇಳಲ್ಲ. ಬೆಸ್ಕಾಂ ಹೋಗುತ್ತೆ, ಜನರೇಟರ್ ಬರುತ್ತೆ, ನಡುವೆ ಎಷ್ಟು ಸೆಕೆಂಡ್ ಅಂತ ಕೇಳಿದ್ರೆ ಎಲ್ಲರೂ "ತಕ್ಷಣ" ಅಂತಾರೆ. ತಕ್ಷಣ ಅಂದ್ರೆ ಎಷ್ಟು ಅಂತ ಒಂದು ಕಡೆ ನಾನೇ ಅಲ್ಲಿದ್ದಾಗ ಕರೆಂಟ್ ಹೋಗಿ ಗೊತ್ತಾಯ್ತು, ಜನರೇಟರ್ ನೋಡ್ಕೊಳೋ ತಾತ ಊಟಕ್ಕೆ ಹೋಗಿದ್ರು.

ಆಕ್ಸಿಜನ್ ಮಾತ್ರ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಸೆಂಟ್ರಲ್ ಆಕ್ಸಿಜನ್ ಇದೆ ಅನ್ನೋದು ಅತಿ ಮೋಸದ ಉತ್ತರ. ಗೋಡೇಲಿ ಪಾಯಿಂಟ್ ಇದೆ ಸರಿ, ಆ ಪೈಪಿನ ಇನ್ನೊಂದು ತುದೀಲಿ ಏನಿದೆ? ಕೆಲವು ಕಡೆ ಲಿಕ್ವಿಡ್ ಆಕ್ಸಿಜನ್ ಟ್ಯಾಂಕು, ಒಂದು ಲೀಟರ್ ಲಿಕ್ವಿಡ್ ಸುಮಾರು 860 ಲೀಟರ್ ಗ್ಯಾಸ್ ಆಗುತ್ತೆ, ಅಲ್ಲಿ ನಿದ್ದೆ ಮಾಡ್ಬಹುದು. ಕೆಲವು ಕಡೆ ಎರಡನೇ ಅಲೆ ಆದ್ಮೇಲೆ ಬಂದ ಪಿಎಸ್‌ಎ ಪ್ಲಾಂಟು, ಗಾಳಿಯಿಂದ್ಲೇ ಆಕ್ಸಿಜನ್ ಮಾಡುತ್ತೆ, ಶುದ್ಧತೆ ಶೇಕಡ 93ರ ಆಸುಪಾಸು, ಆದ್ರೆ ಕರೆಂಟ್ ಹೋದ್ರೆ ಅದೂ ಹೋಯ್ತು. ಉಳಿದ ಬಹಳಷ್ಟು ಕಡೆ ಮ್ಯಾನಿಫೋಲ್ಡ್, ಅಂದ್ರೆ ಜಂಬೋ ಸಿಲಿಂಡರ್ ಸಾಲಾಗಿ ನಿಲ್ಸಿ ಪೈಪಿಗೆ ಜೋಡ್ಸಿರೋದು.

ಒಂದು ಜಂಬೋದಲ್ಲಿ ಏಳು ಕ್ಯೂಬಿಕ್ ಮೀಟರ್, 7000 ಲೀಟರ್. ಎಂಟು ಜಂಬೋ ಇಟ್ರೆ 56,000. ನಾಲ್ಕು ವೆಂಟಿಲೇಟರ್ ಓಡ್ತಿದೆ, ಒಂದೊಂದು ನಿಮಿಷಕ್ಕೆ 10 ಲೀಟರ್ ಎಳೀತಿದೆ ಅಂತ ಇಟ್ಕೊಳ್ಳಿ, 1400 ನಿಮಿಷ, ಹತ್ತಿರ ಹತ್ತಿರ ಒಂದು ದಿನ. ಅದೇ ಜಾಗಕ್ಕೆ ಒಂದೇ ಒಂದು ಹೆಚ್‌ಎಫ್‌ಎನ್‌ಸಿ (ಮೂಗಿನ ಕೊಳವೇಲಿ ಜೋರಾಗಿ ಆಕ್ಸಿಜನ್ ಕೊಡೋದು) ಪೇಷಂಟ್ ಬಂದು ನಿಮಿಷಕ್ಕೆ 60 ಲೀಟರ್ ಪೂರಾ ಆಕ್ಸಿಜನ್ ಎಳ್ದ್ರೆ, ಒಟ್ಟು ನಿಮಿಷಕ್ಕೆ 100 ಲೀಟರ್ ಆಯ್ತು, 560 ನಿಮಿಷ. ರಾತ್ರಿ ಹತ್ತಕ್ಕೆ ಫುಲ್ ಇದ್ದಿದ್ದು ಬೆಳಿಗ್ಗೆ ಏಳೂವರೆ ಒಳಗೆ ಖಾಲಿ. ಈ ಲೆಕ್ಕನ ನಾನು ಪ್ರತೀ ಐಸಿಯುನಲ್ಲೂ ಸಿಸ್ಟರ್ ಜೊತೆ ಕೂತು ಒಂದು ಹಾಳೇಲಿ ಹಾಕಿ ತೋರ್ಸ್ತಿದ್ದೆ. ಸರ್ವೇ ಮಾಡೋಳು ಪಾಠ ಮಾಡ್ಬಾರ್ದು ಅಂತ ರೂಲ್ ಇದೆ, ಗೊತ್ತು. ಮಾಡ್ದೆ. ನನ್ ಫಾರ್ಮಿಗೆ "ಈಗ ಓಡ್ತಿರೋ ಫ್ಲೋಗೆ ಇರೋ ಸಿಲಿಂಡರ್ ಎಷ್ಟು ಗಂಟೆ" ಅನ್ನೋ ಪ್ರಶ್ನೆ ಸೇರಿದ್ದೂ ಅಲ್ಲಿಂದ್ಲೇ. ಎಷ್ಟು ಸಿಲಿಂಡರ್ ಅಂತ ಕೇಳಿದ್ರೆ ಸ್ಟೋರ್ ಕೀಪರ್ ಉತ್ತರ ಕೊಡ್ತಾರೆ, ಎಷ್ಟು ಗಂಟೆ ಅಂತ ಕೇಳಿದ್ರೆ ಐಸಿಯು ಉತ್ತರ ಕೊಡ್ಬೇಕಾಗುತ್ತೆ.

ಇನ್ನು ಸಿಸ್ಟರ್‌ಗಳ ಲೆಕ್ಕ. ವೆಂಟಿಲೇಟರಲ್ಲಿರೋ ಒಂದು ಪೇಷಂಟ್‌ಗೆ ಒಬ್ಬ ನರ್ಸ್ ಅಂತ ಗೈಡ್‌ಲೈನ್. ಬ್ರಿಟನ್‌ನಲ್ಲೂ ಅದೇ ಹೇಳೋದು. ನಮ್ಮಲ್ಲಿ ಒಟ್ಟು ಎಷ್ಟು ನರ್ಸ್ ಅಂತ ಕೇಳಿದ್ರೆ ಹದಿನಾಲ್ಕು ಅಂತಾರೆ, ಕೇಳಕ್ಕೆ ಚೆನ್ನಾಗಿದೆ, ಆ ಹದಿನಾಲ್ಕು ಮೂರು ಶಿಫ್ಟ್‌ಗೆ ಹಂಚಿ, ವೀಕ್ಲಿ ಆಫ್ ತೆಗೀರಿ, ಒಬ್ಬಳದು ಹೆರಿಗೆ ರಜ, ಇನ್ನೊಬ್ಳು ಸರ್ಕಾರಿ ನರ್ಸಿಂಗ್ ಆಫೀಸರ್ ಎಕ್ಸಾಮ್ ಬರೆದು ಹೋಗೇಬಿಟ್ಳು, ಉಳ್ದಿದ್ದು ರಾತ್ರಿ ಇಬ್ರು. ಅದಕ್ಕೆ ನಾನು ಹಗಲು ಹೋಗೋದೇ ನಿಲ್ಸಿ, ಒಪ್ಪಿಗೆ ಕೊಟ್ಟ ಕಡೆ ರಾತ್ರಿ ಹನ್ನೊಂದರ ಮೇಲೆ ಹೋಗಿ ತಲೆ ಎಣಿಸ್ತಿದ್ದೆ. ನಮ್ಮನೆಯವ್ರು ಬೈಕಲ್ಲಿ ಡ್ರಾಪ್ ಮಾಡಿ ಹೊರಗಡೆ ಬೆಂಚ್ ಮೇಲೆ ಸೊಳ್ಳೆ ಹೊಡ್ಕೊಂಡು ಕೂತಿರೋರು, ಥೀಸಿಸ್‌ನ ಥ್ಯಾಂಕ್ಸ್ ಪುಟದಲ್ಲಿ ಮೊದಲ ಹೆಸರು ಅವ್ರದ್ದೇ ಹಾಕಿದೀನಿ.

ರಾತ್ರಿ ಕಾಣ್ಸಿದ್ದು ಹಗಲಿಗೆ ಕಾಣಲ್ಲ. ಒಬ್ಳು ಸಿಸ್ಟರ್ ಎರಡು ವೆಂಟಿಲೇಟರ್, ಮಾಸ್ಕ್ ಹಾಕಿ ಉಸಿರು ಕೊಡೋ ಬೈಪ್ಯಾಪ್ ಮೂರು ನೋಡ್ಕೊಂಡು, ನಡುವೆ ಡ್ಯೂಟಿ ಡಾಕ್ಟ್ರು ಕೇಳಿದ ಫೈಲ್ ಕೊಟ್ಟು, ಅಟೆಂಡರ್‌ಗಳ ಜಗಳ ಬಿಡ್ಸಿ, ಫಾರ್ಮಸಿಗೆ ಇಂಡೆಂಟ್ ಬರ್ದು, ಎರಡು ಗಂಟೆಗೊಂದ್ಸಲ ಪೇಷಂಟ್ ತಿರುಗ್ಸಿ ಮಲಗ್ಸ್ಬೇಕಾಗಿದ್ದು ಹೋಗ್ಲಿ ಸಕ್ಷನ್ ಮಾಡಿದ್ರೆ ಸಾಕು ಅನ್ನೋ ಸ್ಥಿತಿ. ಚಾರ್ಟಲ್ಲಿ ಮಾತ್ರ ಗಂಟೆ ಗಂಟೆಗೂ ಬಿಪಿ ಪಲ್ಸ್ ಇರುತ್ತೆ, ಮುತ್ತು ಪೋಣ್ಸಿದಂಗೆ. ನಾನೂ ಹಂಗೆ ಬರ್ದಿದೀನಿ ಒಂದ್ ಕಾಲದಲ್ಲಿ, ಬೇರೆಯವ್ರನ್ನ ಬೈಯಕ್ಕೆ ನನಗೆ ಬಾಯಿಲ್ಲ.

ಐಸಿಯು ಹುಟ್ಟಿದ್ದೇ ಕೈಗಳಿಂದ ಅನ್ನೋದನ್ನ ನಾವು ಮರ್ತಿದೀವಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂತು, ಉಸಿರಾಟ ನಿಂತ ಮೊದಲ 31 ಜನರಲ್ಲಿ 27 ಜನ ಸತ್ತೋದ್ರು. ಬ್ಯೋರ್ನ್ ಇಬ್ಸನ್ ಅಂತ ಅನಸ್ತೇಷಿಯಾ ಡಾಕ್ಟ್ರು, 12 ವರ್ಷದ ಒಂದು ಹುಡುಗಿಗೆ ಕತ್ತಿನಲ್ಲಿ ಟ್ಯೂಬ್ ಹಾಕಿ ಉಸಿರು ತುಂಬೋ ಬ್ಯಾಗ್ ಕೈಯಲ್ಲಿ ಒತ್ತಿ ಉಳ್ಸಿದ್ರು. ಮೆಷಿನ್ ಇರ್ಲಿಲ್ಲ, ಅದಕ್ಕೆ ಸುಮಾರು 1500 ಮೆಡಿಕಲ್ ಸ್ಟೂಡೆಂಟ್ಸ್ ಶಿಫ್ಟ್ ಹಾಕ್ಕೊಂಡು ತಿಂಗಳುಗಟ್ಲೆ ಬ್ಯಾಗ್ ಒತ್ತಿದ್ರು. ಮಾರನೇ ವರ್ಷ ಇಬ್ಸನ್ ಅದೇ ಊರಲ್ಲಿ ಐಸಿಯು ತೆಗೆದ್ರು, ಲೋಕದಲ್ಲಿ ಮೊದಲನೇದು ಅಂತ ಅದನ್ನೇ ಹೇಳ್ತಾರೆ. ಆವಾಗ ಒಂದು ಪೇಷಂಟ್‌ಗೆ ಒಬ್ಬ ಮನುಷ್ಯ ಇದ್ದ, ವೆಂಟಿಲೇಟರ್ ಇರ್ಲಿಲ್ಲ. ನಮ್ ಕಡೆ ಈಗ ಉಲ್ಟಾ.

ಪಾವಗಡಕ್ಕೆ ಹೋಗಿದ್ದು ಕೊನೆಗೆ. ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟ್ಕೊಂಡು ಹೋಗೋ ಬಸ್ಸು, ನೂರು ಕಿಲೋಮೀಟರ್ ಹತ್ರ ಆಗುತ್ತೆ. ಅಲ್ಲಿ ಒಬ್ರು ಬ್ರದರ್ (ಗಂಡು ನರ್ಸ್) ಹೇಳಿದ ಕೇಸ್ ಇನ್ನೂ ಮರೆಯಕ್ಕಾಗ್ತಿಲ್ಲ. ನೆಲದ ಮೇಲೆ ಮಲಗಿದ್ದ ಹುಡುಗ, ರಾತ್ರಿ ಕಟ್ಟುಹಾವು ಕಚ್ಚಿದೆ, ಅದು ಕಚ್ಚಿದ್ರೆ ನೋವೂ ಇರಲ್ಲ ಊತನೂ ಇರಲ್ಲ, ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದಿದಾನೆ, ಆಸ್ಪತ್ರೆಗೆ ಬರೋ ಹೊತ್ತಿಗೆ ಕಣ್ಣಿನ ರೆಪ್ಪೆ ಇಳಿದಿದೆ. ಹಾವಿನ ವಿಷಕ್ಕೆ ಕೊಡೋ ಎಎಸ್‌ವಿ ಹತ್ತು ವಯಲ್ ಹಾಕಿದ್ರು, ಟ್ಯೂಬ್ ಹಾಕಿದ್ರು. ಕಟ್ಟುಹಾವಿನ ವಿಷ ಒಂದ್ಸಲ ನರಕ್ಕೆ ಕೂತ್ಮೇಲೆ ಎಎಸ್‌ವಿ ಕೊಟ್ರೂ ತಕ್ಷಣ ಉಸಿರು ವಾಪಸ್ ಬರಲ್ಲ, ದಿನಗಟ್ಲೆ ವೆಂಟಿಲೇಟರ್ ಬೇಕು, ಅಷ್ಟು ದಾಟಿಸಿದ್ರೆ ಪೇಷಂಟ್ ಎದ್ದು ನಡ್ಕೊಂಡು ಮನೆಗೆ ಹೋಗ್ತಾನೆ. ಈ ಬ್ರದರ್ರು ಮತ್ತೆ ಹುಡುಗನ ಸೋದರಮಾವ ಇಬ್ರೂ ಸೇರಿ ಆಂಬ್ಯುಲೆನ್ಸಲ್ಲಿ ಅಂಬು ಬ್ಯಾಗ್ ಒತ್ಕೊಂಡು ತುಮಕೂರಿಗೆ ಬಂದಿದಾರೆ, ಎರಡೂವರೆ ಗಂಟೆ. "ಮಾವನಿಗೆ ಮಿಡಿಗೇಶೀಲಿ ಹೇಳ್ಕೊಟ್ಟೆ ಅಕ್ಕ, ಕೊರಟಗೆರೆ ಹೊತ್ತಿಗೆ ನನಗಿಂತ ಚೆನ್ನಾಗಿ ಒತ್ತುತಿದ್ರು" ಅಂದ್ರು. ಹುಡುಗ ಉಳ್ಕೊಂಡ. ಕೋಪನ್‌ಹೇಗನ್ ಓದ್ಕೊಂಡು ಹೋಗಿದ್ದ ನನಗೆ ಆ ಮಾತು ಕೇಳಿ ಗಂಟ್ಲು ಕಟ್ಟಿಬಿಡ್ತು.

ಪಾವಗಡದಲ್ಲಿ ಇನ್ನೊಂದು ಗೊತ್ತಾಗಿದ್ದು, ಜಿಲ್ಲೆ ಅನ್ನೋ ಗೆರೆನೇ ನನ್ ಲೆಕ್ಕ ಕೆಡ್ಸುತ್ತೆ ಅಂತ. ಸುತ್ತ ಹೆಚ್ಚುಕಮ್ಮಿ ಎಲ್ಲಾ ಕಡೆ ಆಂಧ್ರ, ಮಾತು ಅರ್ಧ ತೆಲುಗು, ಸೀರಿಯಸ್ ಆದ್ರೆ ಹಿಂದೂಪುರಕ್ಕೋ ಅನಂತಪುರಕ್ಕೋ ಹೋಗ್ತಾರೆ. ತಿಪಟೂರಿನವ್ರು ಹಾಸನಕ್ಕೆ ಹೋಗ್ತಾರೆ, ಕುಣಿಗಲ್‌ನವ್ರು ಬೆಂಗ್ಳೂರಿಗೆ. ಜಿಲ್ಲೆಯ ಜನಸಂಖ್ಯೆಗೆ ಜಿಲ್ಲೆಯ ಬೆಡ್ ಭಾಗಿಸೋದು ಕಾಗದಕ್ಕೆ ಚೆಂದ, ಪೇಷಂಟ್ ಮಾತ್ರ ಗಡಿ ನೋಡ್ಕೊಂಡು ಸೀರಿಯಸ್ ಆಗಲ್ಲ.

ಸಾವಿನ ಲೆಕ್ಕನೂ ಹೋಲಿಸ್ಬೇಕು ಅಂತ ಆಸೆ ಇತ್ತು. ಭಾರತದಲ್ಲಿ 2010-11ರಲ್ಲಿ 124 ಐಸಿಯುಗಳ 4,209 ಪೇಷಂಟ್‌ಗಳನ್ನ ನಾಲ್ಕು ದಿನ ಆರಿಸ್ಕೊಂಡು ನೋಡಿದ ದೊಡ್ಡ ಸ್ಟಡಿ ಇದೆ, ಅದನ್ನ ಓದಿ ಪೇಷಂಟ್ ಎಷ್ಟು ಸೀರಿಯಸ್ ಅಂತ ಅಂಕ ಹಾಕೋ ಅಪಾಚೆ ಸ್ಕೋರ್ ನಾನೂ ಹಾಕ್ತೀನಿ ಅಂತ ಹೊರಟೆ. 1985ರಲ್ಲಿ ಬಂದ ಅಪಾಚೆ ಎರಡರಲ್ಲಿ ಹನ್ನೆರಡು ಅಳತೆ, ಮೊದಲ 24 ಗಂಟೇಲಿ ಅತಿ ಕೆಟ್ಟಿದ್ದು ತಗೋಬೇಕು, ಜೊತೆಗೆ ವಯಸ್ಸು, ಹಳೇ ಕಾಯಿಲೆ. ಟೆಸ್ಟ್ ಮಾಡ್ದೇ ಇದ್ರೆ ಅದನ್ನ ನಾರ್ಮಲ್ ಅಂತ ಹಿಡಿದು ಸೊನ್ನೆ ಹಾಕೋದು ಪದ್ಧತಿ. ಈಗ ಯೋಚ್ನೆ ಮಾಡಿ, ಎಬಿಜಿ ಮೇಲೆ ಪ್ಲಾಸ್ಟಿಕ್ ಕವರ್ ಹೊದ್ಸಿರೋ ಐಸಿಯುನಲ್ಲಿ ಪಿಹೆಚ್ ಸೊನ್ನೆ, ಆಕ್ಸಿಜನ್ ಸೊನ್ನೆ. ಟೆಸ್ಟ್ ಕಮ್ಮಿ ಮಾಡಿದಷ್ಟೂ ಪೇಷಂಟ್ ಆರೋಗ್ಯವಾಗಿ ಕಾಣ್ತಾನೆ!

ಸಾವು ಕಮ್ಮಿ ಇರೋ ಐಸಿಯು ಒಳ್ಳೇ ಐಸಿಯು ಅಂತನೂ ಹೇಳಕ್ಕಾಗಲ್ಲ. ಆಗಲ್ಲ ಅನ್ನಿಸ್ದಾಗ ರೆಫರ್, ಇನ್ನು ಕೆಲವರನ್ನ ಮನೆಯವ್ರೇ "ಪ್ರಾಣ ಮನೇಲೇ ಹೋಗ್ಲಿ ಸಿಸ್ಟರ್, ಇಲ್ಲಿ ಬೇಡ" ಅಂತ ಸೈನ್ ಹಾಕಿ ಕರ್ಕೊಂಡು ಹೋಗ್ತಾರೆ. ಅರ್ಧ ಜನ ದುಡ್ಡು ಮುಗಿದಿದ್ದಕ್ಕೆ, ಅರ್ಧ ಜನ ನಿಜಕ್ಕೂ ಮನೆ ಜಗಲಿ ಮೇಲೆ ಹೋಗ್ಲಿ ಅನ್ನೋ ಆಸೆಗೆ, ಯಾವ್ದು ಯಾವ್ದು ಅಂತ ಫೈಲಲ್ಲಿ ಇರಲ್ಲ, ಎರಡಕ್ಕೂ ಒಂದೇ ಶಬ್ದ, ಲಾಮಾ, ಅಂದ್ರೆ ಡಾಕ್ಟ್ರ ಮಾತು ಮೀರಿ ಹೋದ್ರು ಅಂತ. ರಿಜಿಸ್ಟರಲ್ಲಿ ಆ ಸಾವು ಸಾವಲ್ಲ. ಈ ಚಾಪ್ಟರ್‌ನ ಥೀಸಿಸ್‌ನಿಂದ ಪೂರ್ತಿ ತೆಗ್ದು ಹಾಕ್ದೆ, ಮೂರು ತಿಂಗಳ ಕೆಲ್ಸ.

ಒಂದು ವಿಷ್ಯ ನಾನು ತಪ್ಪು ತಿಳ್ಕೊಂಡು ಹೋಗಿದ್ದೆ, ಸರ್ಕಾರಿ ಅಂದ್ರೆ ಕಳಪೆ, ಪ್ರೈವೇಟ್ ಅಂದ್ರೆ ಮೇಲು ಅಂತ. ಹಂಗಿಲ್ಲ. ಕೀಟನಾಶಕ ಕುಡಿದ ಕೇಸು, ಅದಕ್ಕೆ ಕೊಡೋ ಅಟ್ರೋಪಿನ್ ಔಷಧಿ ಲೆಕ್ಕ, ಮೂರ್ನಾಕು ದಿನ ಆದ್ಮೇಲೆ ಇದ್ದಕ್ಕಿದ್ದಂಗೆ ಕತ್ತು ಎತ್ತಕ್ಕಾಗ್ದೆ ಉಸಿರು ಕಟ್ಟೋದು, ಇದನ್ನೆಲ್ಲಾ ಸರ್ಕಾರಿ ಆಸ್ಪತ್ರೆ ಸಿಸ್ಟರ್‌ಗಳು ಕಣ್ಣಲ್ಲೇ ಹಿಡೀತಾರೆ, ಅಷ್ಟು ನೋಡಿರ್ತಾರೆ. ಪ್ರೈವೇಟಲ್ಲಿ ಸಾಮಾನು ಚೆನ್ನಾಗಿದೆ, ಆದ್ರೆ ಬಹಳಷ್ಟು ಓಪನ್ ಐಸಿಯು, ಅಂದ್ರೆ ಐಸಿಯುಗೆ ಅಂತ ಯಜಮಾನ ಇಲ್ಲ, ಪೇಷಂಟ್ ತಂದ ಡಾಕ್ಟ್ರೇ ಬಂದು ನೋಡಿ ಹೋಗೋದು. ಫಿಸಿಷಿಯನ್ ಸಾರ್ ಫ್ಲೂಯಿಡ್ ಕಮ್ಮಿ ಮಾಡು ಅಂತ ಬರೀತಾರೆ, ಒಂದು ಗಂಟೆ ಬಿಟ್ಟು ಸರ್ಜನ್ ಸಾರ್ ಜಾಸ್ತಿ ಮಾಡು ಅಂತಾರೆ, ನಡುವೆ ಸಿಸ್ಟರ್ ಫೋನ್ ಹಿಡ್ಕೊಂಡು ನಿಂತಿರ್ತಾಳೆ. ಇಂಟೆನ್ಸಿವಿಸ್ಟ್ ಒಬ್ರೇ ನಿರ್ಧಾರ ಮಾಡೋ ಕ್ಲೋಸ್ಡ್ ಐಸಿಯು ನಮ್ ಕಡೆ ಬೆರಳಲ್ಲಿ ಎಣಿಸ್ಬಹುದು. ಇದು ಯಾವ ಸಾಮಾನಿನ ಪಟ್ಟೀಲೂ ಬರಲ್ಲ. ಲೋಕದ ಐಸಿಯು ಸಂಘಗಳ ಒಕ್ಕೂಟದವ್ರು 2017ರಲ್ಲಿ ಐಸಿಯು ಅಂದ್ರೆ ಏನು ಅಂತ ಬರೆದಾಗ ಜಾಗ ಅಂತ ಶುರು ಮಾಡ್ಲಿಲ್ಲ, ವ್ಯವಸ್ಥೆ ಅಂತ ಶುರು ಮಾಡಿದ್ರು. ಥೀಸಿಸ್ ವೈವಾದಲ್ಲಿ ಎಕ್ಸಾಮಿನರ್ ಯಾಕಮ್ಮ ಬೆಡ್ ನಂಬರ್‌ಗೆ ಇಷ್ಟು ಕಮ್ಮಿ ಜಾಗ ಕೊಟ್ಟಿದೀಯ ಅಂದಾಗ ನನ್ನ ಕಾಪಾಡಿದ್ದು ಅದೇ ಸಾಲು.

ಮೊದಲ ಆಸ್ಪತ್ರೆಯ ಆ ಹುಡುಗಿ ಆಮೇಲೊಂದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಕ್ಕೆ ಹೋದಾಗ ಸಿಕ್ಲು. ಆ ಆಸ್ಪತ್ರೆ ಬಿಟ್ಟಿದ್ಲು, ಬೆಂಗ್ಳೂರಲ್ಲಿ ಕೆಲ್ಸ ಅಂತೆ, ರಜಕ್ಕೆ ಬಂದಿದ್ಲು. "ಅಲ್ಲಿ ಈಗ ರಾತ್ರಿ ಯಾರಿದಾರೆ?" ಅಂದೆ. "ಒಬ್ಳೇ ಅಕ್ಕ, ಆದ್ರೆ ಬೆಡ್ ಹನ್ನೆರಡು ಮಾಡಿದಾರೆ" ಅಂದ್ಲು.

ಈಗ ಕೋಲಾರ ಕಡೆಯ ಒಬ್ರು ಬ್ರದರ್ ಅವ್ರ ಜಿಲ್ಲೇಲಿ ಇದೇ ಕೆಲ್ಸ ಮಾಡ್ತೀನಿ, ಫಾರ್ಮ್ ಕಳ್ಸಿ ಅಕ್ಕ ಅಂತ ಕೇಳಿದ್ರು. ಕಳ್ಸೋ ಮುಂಚೆ ಎರಡು ತಿದ್ದುಪಡಿ ಮಾಡ್ದೆ. ಒಂದು, ರಾತ್ರಿ ಎರಡು ಗಂಟೇಲಿ ಇಲ್ಲಿಂದ ಮುಂದಿನ ಐಸಿಯುಗೆ ಎಷ್ಟು ಹೊತ್ತು, ದಾರೀಲಿ ಬ್ಯಾಗ್ ಒತ್ತೋರು ಯಾರು, ಅಂತ ಹೊಸ ಪ್ರಶ್ನೆ. ಇನ್ನೊಂದು, ಬೆಡ್ ಎಷ್ಟು ಅನ್ನೋ ಮೊದಲ್ನೇ ಪ್ರಶ್ನೇನ ಕೊನೇ ಪುಟದ ಕೊನೇ ಸಾಲಿಗೆ ತಳ್ಳಿದೀನಿ.